ವುಲ್ಸ್‌ಲಿ ಕಾರಿನ ಬೆನ್ನು ಹತ್ತಿ ಶಹಾಬಾದಿಗೆ

ಗುರುವಾರ ಕೈಸೇರಿದ ಕಾರ್ಡಿಗೆ ನಾನು ಭಾನುವಾರ ಹೊರಟೆ. ಆ ಮೂರು ದಿನಗಳಿಗಾಗಿ ನನ್ನ ಮೇಲೆ ನನಗೆ ಇವತ್ತಿಗೂ ಸಿಟ್ಟಿದೆ. ಕಾರ್ಡಿನಲ್ಲಿ ಇದ್ದದ್ದು ಇಷ್ಟೇ: ‘ಸುವರ್ಣಾ, ಗಾಡಿ ನಿನಗೇ ಅಂತ ಹೇಳಿದ್ದೆ. ಬಂದು ಒಯ್ಯಿ. ತಡ ಮಾಡಬ್ಯಾಡ.’ ಕೆಳಗೆ ಡಾಕ್ಟರ್ ಗೋವಿಂದರಾಯರ ಸಹಿ, ಮಂಗಳವಾರದ ತಾರೀಖು. ಸೇಡಂನ ಹೈಸ್ಕೂಲೊಂದರಲ್ಲಿ ನಾನು ಗಣಿತದ ಶಿಕ್ಷಕಿ. ಮಾರ್ಚ್ ತಿಂಗಳು, ಪರೀಕ್ಷೆಯ ಹೊತ್ತು, ರಜೆ ಕೇಳಲು ಬಾಯಿ ಬರಲಿಲ್ಲ. ಮೂವತ್ತು ವರ್ಷದಿಂದ ಒಂದೇ ಶೆಡ್ಡಿನಲ್ಲಿರುವ ಗಾಡಿ ಮೂರು ದಿನದಲ್ಲಿ ಎಲ್ಲಿಗೆ ಹೋದೀತು ಅಂದುಕೊಂಡೆ. ಅದು 2003ನೇ ಇಸವಿ.

ಮುಂಜಾನೆ ಏಳಕ್ಕೆ ಚಿಂಚೋಳಿಯ ಬಸ್ಸು ಹತ್ತಿದೆ. ನಲವತ್ತು ಕಿಲೋಮೀಟರಿನ ದಾರಿ, ಹದಿನೇಳು ರೂಪಾಯಿ ಟಿಕೇಟು. ತೊಗರಿ ಕೊಯ್ದು ಮುಗಿದ ಹೊಲಗಳು ಬೋಳಾಗಿದ್ದವು, ಅಷ್ಟು ಹೊತ್ತಿಗೇ ಬಿಸಿಲು ಚುರುಗುಡುತ್ತಿತ್ತು. ಸುಲೇಪೇಟ ದಾಟಿದ ಮೇಲೆ ರಸ್ತೆ ಕಿರಿದು. ಎದುರಿನಿಂದ ತಾಡಪತ್ರಿ ಹೊದಿಸಿದ ಲಾರಿಯೊಂದು ಬಂತು. ನಮ್ಮ ಡ್ರೈವರ್ ಬಸ್ಸನ್ನು ಹೊಲದ ಬದಿಗೆ ಇಳಿಸಿ ಅದಕ್ಕೆ ದಾರಿ ಬಿಟ್ಟುಕೊಟ್ಟ. ನಾನು ಧೂಳಿಗೆ ಹೆದರಿ ಕಿಟಕಿ ಮುಚ್ಚಿಕೊಂಡೆ.

ಆ ಗಾಡಿಯ ಬಗ್ಗೆ ಹೇಳದೆ ಮುಂದಿನದು ಅರ್ಥವಾಗುವುದಿಲ್ಲ. ಗೋವಿಂದರಾಯರು ಹಿರಿಯ ವೈದ್ಯರು, ಚಿಂಚೋಳಿಗೆ ಹೊಂದಿಕೊಂಡ ಚಂದಾಪುರದ ಬಜಾರಿನಲ್ಲಿ ಅವರ ದವಾಖಾನೆ. ನಮ್ಮದು ಮುಲ್ಲಾಮಾರಿ ಹೊಳೆಯ ದಂಡೆಯ ಮನೆತನ. ಅಜ್ಜನ ಕಾಲಕ್ಕೆ ಮೀನು, ಅಪ್ಪನ ಕಾಲಕ್ಕೆ ಔಷಧಿ ಬಾಟಲಿ. ಅಪ್ಪ ರಾಯರ ಬಳಿ ಕಂಪೌಂಡರ್ ಆಗಿದ್ದ. ರಾಯರು ಹರೆಯದಲ್ಲಿ ಮೂರು ವರ್ಷ ಇಂಗ್ಲೆಂಡಿನಲ್ಲಿ ಓದಿ ಬಂದವರು. ಬಂದ ಮೇಲೆ ಹೈದರಾಬಾದಿನ ಒಬ್ಬ ನಿವೃತ್ತ ಅಧಿಕಾರಿಯಿಂದ ಕರಿಬಣ್ಣದ ವುಲ್ಸ್‌ಲಿ ಕಾರು ಕೊಂಡರು. ಅದರ ಮೂತಿಯ ಮೇಲೆ ಹೆಸರು ಬರೆದ ಪುಟ್ಟ ಬಿಲ್ಲೆ ಇತ್ತು. ದೀಪ ಹಾಕಿದರೆ ಆ ಬಿಲ್ಲೆಯೂ ಒಳಗಿನಿಂದ ಹೊತ್ತಿಕೊಳ್ಳುತ್ತಿತ್ತು. ಐನಾಪುರಕ್ಕೆ ರೋಗಿ ನೋಡಲು ಹೋದರೆ ಊರ ಮಂದಿ ರೋಗಿಯನ್ನು ಬಿಟ್ಟು ಆ ಬಿಲ್ಲೆ ನೋಡುತ್ತ ನಿಲ್ಲುತ್ತಿದ್ದರಂತೆ.

ತೊಂಬತ್ತರ ಸುಮಾರಿಗೆ ರಾಯರ ಸಂಬಂಧಿಕರೊಬ್ಬರು ಇಂಗ್ಲೆಂಡಿನಿಂದ ವಿಡಿಯೋ ಕ್ಯಾಸೆಟ್ಟುಗಳನ್ನು ಕಳಿಸಿದರು. ಎಲ್ಲವೂ ಹಳೆಯ ಬ್ರಿಟಿಷ್ ಪೊಲೀಸ್ ಧಾರಾವಾಹಿಗಳು. ನಾನಾಗ ಪಿಯುಸಿ. ಭಾನುವಾರ ಮಧ್ಯಾಹ್ನ ದವಾಖಾನೆಯ ಒಳಕೋಣೆಯಲ್ಲಿ ರಾಯರೂ ನಾನೂ ಕೂತು ನೋಡುತ್ತಿದ್ದೆವು. ಅವರ ಮಗಳು ವಿದ್ಯಾ ಒಂದೇ ಸಲ ಇಣುಕಿ, ‘ಬರೇ ಗಾಡಿ ಓಡ್ತಾವ’ ಎಂದು ಹೋದವಳು ಮತ್ತೆ ಬರಲಿಲ್ಲ. ನನಗೆ ಬೇಕಾದದ್ದೇ ಅದು. ಮಳೆಯಲ್ಲಿ ತೊಯ್ದ ಬಂದರಿನ ಬೀದಿ, ಅಗಲ ಟೈ ಕಟ್ಟಿದ ಇನ್‌ಸ್ಪೆಕ್ಟರ್, ಮೂಲೆಯಲ್ಲಿ ಅಡ್ಡಡ್ಡ ಜಾರುವ ಕಾರು, ಹಾರಿ ಬೀಳುವ ರಟ್ಟಿನ ಡಬ್ಬಿಗಳು. ಮಣ್ಣಿನ ದಾರಿಯಲ್ಲೂ ಟೈರು ಕಿರುಚುತ್ತಿತ್ತು, ಅದಕ್ಕೆ ಇಬ್ಬರೂ ನಗುತ್ತಿದ್ದೆವು. ರಾಯರು ಟೇಪು ನಿಲ್ಲಿಸಿ ಪ್ರತಿ ಕಾರಿನ ಹೆಸರು ಹೇಳುತ್ತಿದ್ದರು: ಇದು ಕಾರ್ಟಿನಾ, ಇದು ಗ್ರನಾಡಾ. ತೀರ ಹಳೆಯ ಕಂತುಗಳಲ್ಲಿ ಗಂಟೆ ಬಾರಿಸುತ್ತ ಬರುವ ಪೊಲೀಸ್ ಕಾರು ನಮ್ಮದೇ ವುಲ್ಸ್‌ಲಿ. ಕ್ಯಾಸೆಟ್ಟು ಮುಗಿದ ಮೇಲೆ ಚಂದ್ರಂಪಳ್ಳಿ ಕೆರೆಯ ದಾರಿಯಲ್ಲಿ ನನ್ನ ಕೈಗೆ ಸ್ಟೇರಿಂಗು ಕೊಟ್ಟು ಕಲಿಸಿದರು. ಅಪ್ಪ ತೀರಿಕೊಂಡ ವರ್ಷ ನಾಲ್ಕು ಜನರ ಮುಂದೆ ಹೇಳಿದರು: ‘ಈ ಗಾಡಿ ಸುವರ್ಣಾಗ. ಹೊಡಿಯಾಕ ಬರೂದು ಅಕೀಗೆ ಒಬ್ಬಾಕಿಗೇ.’

ಎಂಟೂವರೆಗೆ ಚಂದಾಪುರದಲ್ಲಿ ಇಳಿದು ದವಾಖಾನೆಗೆ ನಡೆದೆ. ಶೆಡ್ಡಿನ ಬಾಗಿಲು ತೆರೆದಿತ್ತು. ಒಳಗೆ ನೆಲದ ಮೇಲೆ ಕಾರಿನಾಕಾರದ ಧೂಳಿಲ್ಲದ ಜಾಗ, ಗಾಡಿಯನ್ನು ಎತ್ತಿ ನಿಲ್ಲಿಸಿದ್ದ ನಾಲ್ಕು ಇಟ್ಟಿಗೆ ಗುಂಪು. ರಾಯರು ಬಡಿಗೆ ಊರಿಕೊಂಡು ಕಟ್ಟೆಯ ಮೇಲೆ ಕೂತಿದ್ದರು. ಎಪ್ಪತ್ತನಾಲ್ಕು ವಯಸ್ಸು, ಬಲಗಾಲಿನ ಮಂಡಿ ಮಡಚುತ್ತಿರಲಿಲ್ಲ.

‘ಹೋತು,’ ಎಂದರು. ‘ಏಳೂಕಾಲಕ್ಕ ಲಾರಿನ್ಯಾಗ ಏರಿಸಿಕೊಂಡು ಹೋದರು.’

‘ಯಾರು ಕೊಟ್ಟರು ಕಾಕಾ?’

‘ವಿದ್ಯಾ, ಅಳಿಯ ಇಬ್ಬರೂ ಬಂದಾರ. ಶೆಡ್ಡು ಕೆಡವಿ ಇಲ್ಲಿ ಎರಡು ಮಳಿಗಿ ಕಟ್ಟಸ್ತಾರಂತ. ಶಹಾಬಾದದಾಗ ಗುಜರಿ ಅಂಗಡಿಗೆ ಹೊಂಟದ ಗಾಡಿ.’

ಸುಲೇಪೇಟದ ಆಚೆ ಕಂಡ ಲಾರಿ ಆಗ ನೆನಪಾಯಿತು. ನನ್ನ ಬಸ್ಸು ಪಕ್ಕಕ್ಕೆ ಸರಿದು ಅದನ್ನು ಕಳಿಸಿಕೊಟ್ಟಿತ್ತು. ಒಳಗೆ ಹೋಗಿ ವಿದ್ಯಾಳನ್ನು ಕೇಳಿಯೇ ಬಿಡುತ್ತೇನೆ ಎಂದು ಮೆಟ್ಟಿಲಿಗೆ ಕಾಲಿಟ್ಟೆ. ರಾಯರು ನನ್ನ ತೋಳು ಹಿಡಿದರು. ‘ಈಗ ಜಗಳ ಬ್ಯಾಡ. ಲಾರಿ ಹಿಡಿಯೂಣು ನಡಿ. ನಾನೂ ಬರ್ತೀನಿ.’ ಬಾಗಿಲ ಕಡೆ ತಿರುಗಿ, ‘ವಿದ್ಯಾ, ಮಠಕ್ಕ ಹೋಗಿ ಬರ್ತೀನವಾ’ ಎಂದು ಕೂಗಿ ಹೇಳಿದರು. ಆ ಸುಳ್ಳು ಕೇಳಿ ನನಗೆ ಹೆಮ್ಮೆಯೇ ಆಯಿತು. ನಮ್ಮ ಇನ್‌ಸ್ಪೆಕ್ಟರೂ ಮೇಲಧಿಕಾರಿಗೆ ಹೀಗೇ ಏನಾದರೊಂದು ಹೇಳಿ ಹೊರಬೀಳುತ್ತಿದ್ದ.

ಧಾರಾವಾಹಿಯಲ್ಲಿ ಪೊಲೀಸಿನವನು ದಾರಿಹೋಕನ ಕಾರನ್ನು ಕಸಿದುಕೊಂಡು ಬೆನ್ನಟ್ಟುತ್ತಾನೆ. ನಮಗೆ ಸಿಕ್ಕದ್ದು ಸೇಡಂಗೆ ಹೋಗುವ ಬಾಡಿಗೆಯ ಟ್ರ್ಯಾಕ್ಸ್ ಜೀಪು. ಹತ್ತು ಜನ ಕೂರುವಲ್ಲಿ ಹದಿನಾರು ಜನ ಆಗುವವರೆಗೆ ಅದು ಅಲುಗಲಿಲ್ಲ. ಹೊರಟ ಮೇಲೆ ಕೈ ಅಡ್ಡ ಹಿಡಿದವರಿಗೆಲ್ಲ ನಿಂತಿತು. ‘ಸ್ವಲ್ಪ ಜಲ್ದಿ ಹೋಗ್ರಿ, ಅರ್ಜೆಂಟ್ ಅದ’ ಎಂದೆ. ಡ್ರೈವರ್ ಕನ್ನಡಿಯಲ್ಲಿ ನನ್ನನ್ನು ನೋಡಿ, ‘ಎಲ್ಲಾರಿಗೂ ಅರ್ಜೆಂಟೇ ಅದರೀ ಅಕ್ಕೋರೆ’ ಎಂದ. ಸುಲೇಪೇಟದಲ್ಲಿ ಚಹಾಕ್ಕೆಂದು ಇಳಿದು ಕಾಲು ಗಂಟೆ ಕಳೆದ. ದಾರಿಯುದ್ದಕ್ಕೂ ನಾನು ರಾಯರ ಅಳಿಯನನ್ನು ಬೈದೆ. ಮುದುಕರ ವಸ್ತು ಕದ್ದು ಮಾರುವ ಗಂಡಸು ಅಂದೆ, ಮನೆಹಾಳ ಅಂದೆ, ಒಬ್ಬ ಶಿಕ್ಷಕಿಯ ಬಾಯಲ್ಲಿ ಬರಬಾರದ ಇನ್ನೂ ಎರಡು ಮಾತು ಅಂದೆ. ಎದುರು ಕೂತ ಹೆಂಗಸು ಕಿವಿಗೊಟ್ಟು ಕೇಳಿ, ‘ಹೌದವಾ, ಈಗಿನ ಅಳಿಯಂದ್ರು ಹಂಗೇ’ ಎಂದಳು. ರಾಯರು ಮಾತ್ರ ಹೊರಗೆ ನೋಡುತ್ತ ಸುಮ್ಮನಿದ್ದರು. ದುಃಖದಿಂದ ಸುಮ್ಮನಿದ್ದಾರೆ ಎಂದು ನಾನು ಇನ್ನೂ ಜೋರಾಗಿ ಬೈದೆ.

ಸೇಡಂ ತಲುಪಿದಾಗ ಹನ್ನೊಂದು ದಾಟಿತ್ತು. ಚಿತ್ತಾಪುರದ ರಸ್ತೆಗೆ ತಿರುಗುವಲ್ಲಿ ಪಂಕ್ಚರ್ ಅಂಗಡಿಯವನನ್ನು ವಿಚಾರಿಸಿದೆ. ‘ತಾಡಪತ್ರಿ ಕೆಳಗ ಹಳೀ ಮೋಟಾರ್ ಇದ್ದ ಲಾರಿ ಏನ್ರಿ? ತೊಗರಿ ಚೀಲ ಇಳಿಸಿ ಬಂದಿದ್ರು. ಹಿಂದಿನ ಗಾಲಿ ಪಂಕ್ಚರ್ ಆಗಿತ್ತು. ಈಗ ಹೋತು ನೋಡ್ರಿ, ಹತ್ತು ಮಿನಿಟ್ ಆಗಿಲ್ಲ.’ ನಾವು ಆಟೋ ಹಿಡಿದು ಸ್ಟೇಷನ್ನಿಗೆ ಓಡಿದೆವು. ಆಟೋ ಇಳಿದು ಓಡಿದ್ದು ನಾನು, ರಾಯರು ಬಡಿಗೆ ಕುಟ್ಟುತ್ತ ಹಿಂದೆ ಬಂದರು. ವಾಡಿಗೆ ಹೋಗುವ ಪ್ಯಾಸೆಂಜರ್ ನಿಂತಿತ್ತು. ಶಹಾಬಾದಿನ ರಸ್ತೆ ವಾಡಿಯ ಮೇಲೇ ಹೋಗುತ್ತದೆ, ರೈಲಾದರೆ ಲಾರಿಗಿಂತ ಮೊದಲೇ ಅಲ್ಲಿರಬಹುದು.

ರೈಲಿನಲ್ಲಿ ಒಂದು ಪೊಟ್ಟಣ ಮಿರ್ಚಿ ಭಜಿ ಕೊಂಡು ರಾಯರಿಗೆ ಕೊಟ್ಟೆ. ಮಳಖೇಡ ರೋಡ್ ದಾಟುವಾಗ ನಾನು ಕೇಳಿದೆ: ‘ಕಾಕಾ, ಆ ಪಿಕ್ಚರದಾಗ ಕೊನೀಗೆ ಗಾಡಿ ಗುಡ್ಡದ ಮ್ಯಾಲಿಂದ ಬೀಳ್ತಿತ್ತಲ್ಲ, ಅದು ಖರೇನ ಅದೇ ಗಾಡೀನಾ?’

‘ಅಲ್ಲ,’ ಎಂದರು. ‘ಬೀಳಿಸಲಿಕ್ಕೆ ಬ್ಯಾರೆ ತರ್ತಾರ. ಯಾರೂ ಕೇಳದ ಹಳೇ ಗಾಡಿ. ಅದೇ ನಂಬರ್ ಬರೆದು ತಳ್ಳಿಬಿಡ್ತಾರ.’

ಇದು ನನಗೆ ಮೊದಲೇ ಗೊತ್ತಿತ್ತು, ಅವರೇ ಎಂದೋ ತೋರಿಸಿಕೊಟ್ಟಿದ್ದರು. ಬೀಳುವ ಕಾರಿನ ಬಾಗಿಲಿಗೆ ತುಕ್ಕು ಹಿಡಿದಿರುತ್ತಿತ್ತು, ಒಳಗೆ ಸೀಟೇ ಇರುತ್ತಿರಲಿಲ್ಲ. ಆಗ ನಾವು ಮೋಸ ಹಿಡಿದುಬಿಟ್ಟೆವು ಎಂದು ನಕ್ಕಿದ್ದೆವು. ಆವತ್ತು ರೈಲಿನಲ್ಲಿ ನನಗೆ ಆ ಧಾರಾವಾಹಿಗಳ ಮೇಲೂ ಸಿಟ್ಟು ಬಂತು. ವಾರಕ್ಕೊಂದು ಕಾರು ಒಡೆದಿದ್ದರು, ನೀರಿಗೆ ನೂಕಿದ್ದರು, ಬೆಂಕಿ ಹಚ್ಚಿದ್ದರು. ಆ ಒಂದೊಂದನ್ನೂ ಯಾರೋ ಒರೆಸಿಟ್ಟಿರಬೇಕು, ಅದರಲ್ಲಿ ಯಾರದೋ ಮಗಳು ಗೇರು ಹಾಕಲು ಕಲಿತಿರಬೇಕು. ಕೆರೆ ದಂಡೆಯಲ್ಲಿ ಕಲಿತ ನಾನು ಅದನ್ನು ನೋಡಿ ಚಪ್ಪಾಳೆ ತಟ್ಟಿದ್ದೆ.

ಚಿತ್ತಾಪುರ ಬಿಟ್ಟು ಸ್ವಲ್ಪ ದೂರಕ್ಕೆ, ವಾಡಿಯ ಸಿಮೆಂಟ್ ಕಾರ್ಖಾನೆಯ ಚಿಮಣಿ ಕಾಣತೊಡಗಿದಾಗ, ಹಳಿಗೆ ಅಡ್ಡವಾಗಿ ರಸ್ತೆ ಬಂತು. ಗೇಟು ಹಾಕಿತ್ತು. ಗೇಟಿನ ಆಚೆ ನೆಲಕ್ಕೆ ಹಾಸುವ ಫರ್ಸಿಕಲ್ಲು ಹೇರಿದ ಎರಡು ಟ್ರಕ್ಕು, ಒಂದು ಎತ್ತಿನ ಗಾಡಿ, ಅದರ ಹಿಂದೆ ನಮ್ಮ ಲಾರಿ. ತಾಡಪತ್ರಿ ಗಾಳಿಗೆ ಸರಿದು ವುಲ್ಸ್‌ಲಿಯ ಕರಿ ಬೆನ್ನು ಬಿಸಿಲಿಗೆ ಹೊಳೆಯುತ್ತಿತ್ತು. ಅದನ್ನು ತಡೆದು ನಿಲ್ಲಿಸಿದ್ದು ನಾವು ಕೂತ ರೈಲೇ. ನಾನು ಎದ್ದು ನಿಂತು, ‘ಕಾಕಾ, ಸಿಕ್ತು’ ಎಂದೆ. ಇಡೀ ದಿನದಲ್ಲಿ ನಾನು ಸಂತೋಷಪಟ್ಟದ್ದು ಆ ಅರ್ಧ ನಿಮಿಷ.

ವಾಡಿಯಲ್ಲಿ ಇಳಿದು ಶಹಾಬಾದ್ ರಸ್ತೆಗೆ ಹೋಗಿ ನಿಂತೆವು. ಗಿಡದ ಎಲೆ, ಅಂಗಡಿಯ ತಗಡು ಎಲ್ಲದರ ಮೇಲೂ ಸಿಮೆಂಟಿನ ಬೂದಿ ಬಣ್ಣ. ಇಪ್ಪತ್ತು ನಿಮಿಷಕ್ಕೆ ಲಾರಿ ಬಂತು. ನಾನು ರಸ್ತೆಯ ನಡುವೆ ನಿಂತು ಎರಡೂ ಕೈ ಚಾಚಿದೆ. ಡ್ರೈವರ್ ಬ್ರೇಕು ಹಾಕಿ ಇಳಿದು ಬಂದ. ಬಿಳಿ ಗಡ್ಡದ ಮನುಷ್ಯ, ಹೆಸರು ಖಾಜಾ ಎಂದು ಆಮೇಲೆ ತಿಳಿಯಿತು.

‘ಇದು ಕದ್ದ ಮಾಲು,’ ಎಂದೆ. ‘ಮಾಲಕರು ಇಲ್ಲೇ ನಿಂತಾರ ನೋಡ್ರಿ. ಅವರಿಗೆ ಗೊತ್ತಿಲ್ದಂಗ ಮಾರ್ಯಾರ. ಪೊಲೀಸ್ ಸ್ಟೇಷನ್ನಿಗೆ ನಡೀರಿ.’

ಅವನು ಸಿಟ್ಟಾಗಲಿಲ್ಲ. ‘ನಾ ಬರೇ ಗಾಡಿ ಹೊಡಿಯಾಂವ ರೀ ಬಾಯಿ. ಕಾಗದ ಅದ, ನೋಡ್ರಿ ಬೇಕಾರ’ ಎಂದು ಅಂಗಿಯ ಕಿಸೆಯಿಂದ ತೆಗೆದು ಕೊಟ್ಟ.

ಕಾಗದದ ಮೇಲೆ ನನಗೆ ಚೆನ್ನಾಗಿ ಪರಿಚಯವಿದ್ದ ಅಕ್ಷರ. ‘ನನ್ನ ಸ್ವಂತ ಇಚ್ಛೆಯಿಂದ ಮಾರಿರುತ್ತೇನೆ’ ಎಂದು ರಾಯರೇ ಬರೆದಿದ್ದರು. ಸಹಿ ನಡುಗಿರಲಿಲ್ಲ. ತಾರೀಖು ನನ್ನ ಕಾರ್ಡಿನ ಮೇಲಿದ್ದ ಅದೇ ಮಂಗಳವಾರ.

‘ಕಾಕಾ, ಇದನ್ನ ನೀವ ಬರದ್ರೇನು?’

ರಾಯರು ಬಡಿಗೆಯ ತುದಿ ನೋಡುತ್ತಿದ್ದರು. ‘ಹೌದು.’

‘ಅವರು ಜುಲುಮಿ ಮಾಡಿದ್ರಾ?’

‘ಇಲ್ಲ. ವಿದ್ಯಾ ಕೇಳಿದಳು. ಮಗಳ ಮುಂದ ಇಲ್ಲ ಅನ್ನಲಿಕ್ಕೆ ಬಾಯಿ ಏಳಲಿಲ್ಲ. ಬರೆದು ಕೊಟ್ಟು, ಮಧ್ಯಾಹ್ನ ನಿನಗ ಕಾರ್ಡ್ ಹಾಕಿದೆ. ನೀ ಮೊದಲ ಬಂದು ಒಯ್ದಿದ್ರ ಅಕಿ ನಿನ್ನ ಜೋಡಿ ಜಗಳಾಡ್ತಿದ್ದಳು, ನನ್ನ ಜೋಡಿ ಅಲ್ಲ ಅಂತ ತಿಳಿದೆ.’

ಮುಂಜಾನೆಯಿಂದ ಅಳಿಯನಿಗೆಂದು ಕೂಡಿಟ್ಟ ಸಿಟ್ಟಷ್ಟೂ ಜಾಗ ಬದಲಾಯಿಸಿತು. ಟ್ರ್ಯಾಕ್ಸಿನಲ್ಲಿ ನಾನು ಆ ಮನುಷ್ಯನನ್ನು ಕಳ್ಳ ಎನ್ನುವಾಗ ಇವರು ಪಕ್ಕದಲ್ಲೇ ಕೂತು ಕೇಳಿದ್ದರು. ‘ನಿಮ್ಮ ಮಗಳಿಗೆ ಹೆದರಿ ನನ್ನ ಮುಂದ ನೂಕಿದ್ರಿ,’ ಎಂದೆ. ‘ಕಂಪೌಂಡರ್ ಮಗಳು ಬೈಸಿಕೊಂಡ್ರ ಏನಾಗ್ತದ ಅಂತ.’ ಅವರು ಅಲ್ಲ ಎನ್ನಲಿಲ್ಲ. ಅಲ್ಲ ಎಂದಿದ್ದರೆ ನಂಬುತ್ತಿದ್ದೆನೋ ಏನೋ.

ಖಾಜಾ ಕಾಗದವನ್ನು ಮಡಚಿ ಇಟ್ಟುಕೊಂಡ. ‘ಸೇಠರಿಗೆ ಕೇಳಿ ನೋಡ್ರಿ. ಕುಂದ್ರಿ, ನಾ ಹೊಂಟೀನಲ್ಲ’ ಎಂದ. ಹನ್ನೊಂದು ಕಿಲೋಮೀಟರು ಲಾರಿಯ ಕ್ಯಾಬಿನ್ನಿನಲ್ಲಿ ಕೂತು ಹೋದೆವು. ಎರಡೂ ಬದಿ ಫರ್ಸಿಯ ಗಣಿಗಳು, ಒಟ್ಟಿದ ಕಲ್ಲಿನ ಗೋಡೆಗಳು, ಬಿಳಿ ಧೂಳು.

ಶಹಾಬಾದಿನ ಗುಜರಿ ಸೇಠರು ಸಭ್ಯರು. ನೀರು ಕೊಡಿಸಿ, ರಾಯರಿಗೆ ಕುರ್ಚಿ ಹಾಕಿಸಿ, ನನ್ನ ಮಾತನ್ನೆಲ್ಲ ಕೇಳಿದರು. ನೀವು ಕೊಟ್ಟದ್ದಕ್ಕಿಂತ ಹೆಚ್ಚು ಕೊಡುತ್ತೇನೆ, ಬಿಟ್ಟುಕೊಡಿ ಎಂದೆ.

‘ಆಗಂಗಿಲ್ಲ ಬಾಯಿ,’ ಎಂದರು. ‘ಇಂಜಿನ್ ಒಬ್ಬರಿಗೆ, ಬಾಡಿ ಒಬ್ಬರಿಗೆ ಆಗಲೇ ಹೇಳೀನಿ. ನಾಳೆ ಗ್ಯಾಸ್ ಕಟ್ಟರ್ ಬರ್ತದ. ಹೆಚ್ಚು ಕಮ್ಮಿ ರೊಕ್ಕದ ಮಾತಲ್ಲ. ನಾ ಜಬಾನ್ ಕೊಟ್ಟೀನಿ.’

ಕೊಟ್ಟ ಮಾತಿನ ವಿಷಯವನ್ನು ಅವರು ಯಾರನ್ನೂ ಚುಚ್ಚಲು ಹೇಳಿದ್ದಲ್ಲ. ಆದರೂ ಕುರ್ಚಿಯಲ್ಲಿದ್ದ ರಾಯರು ತಲೆ ತಗ್ಗಿಸಿದರು.

ಲಾರಿಯ ಹಿಂಬದಿಗೆ ಎರಡು ದಪ್ಪ ಹಲಗೆ ಹಚ್ಚಿದರು. ಕಾರನ್ನು ಮೇಲಿನಿಂದ ಹಗ್ಗದಲ್ಲಿ ಹಿಡಿದು ಬಿಡಬೇಕು, ಒಳಗೆ ಒಬ್ಬರು ಸ್ಟೇರಿಂಗು ಹಿಡಿದಿರಬೇಕು. ರಾಯರು ಎದ್ದು ಬಂದು ಬಾಗಿಲಿಗೆ ಕೈ ಹಾಕಿದರು. ‘ನೀವು ಬ್ಯಾಡ್ರಿ’ ಎಂದು ನಾನು ಹತ್ತಿ ಕೂತೆ. ಬಿಸಿಲಿಗೆ ಕಾದ ಚರ್ಮದ ಸೀಟು, ಹಳೆಯ ಎಣ್ಣೆಯ ವಾಸನೆ. ಖಾಜಾ ‘ಹ್ಞಾಂ, ಬಿಡ್ರಿ’ ಎಂದ. ಗಾಲಿ ಹಲಗೆಗೆ ಬಿತ್ತು. ನಂತರ ಎಲ್ಲ ತಾನೇ ನೆನಪಾಯಿತು. ಎಡಕ್ಕೆ ಎಳೆಯುವ ಅದರ ಚಾಳಿಗೆ ತಕ್ಕಂತೆ ಸ್ಟೇರಿಂಗನ್ನು ಬಲಕ್ಕೆ ಹಿಡಿದು, ಹಲಗೆ ತಪ್ಪದೆ ಇಳಿಸಿ, ಕಬ್ಬಿಣದ ರಾಶಿಗಳ ನಡುವೆ ನೆಟ್ಟಗೆ ಒಯ್ದು ಕೈಬ್ರೇಕು ಎಳೆದೆ. ನಲವತ್ತು ಅಡಿ ಇದ್ದೀತು. ಒಂದು ಗೀರೂ ಬೀಳಲಿಲ್ಲ.

‘ಛಲೋ ಇಳಿಸಿದಿ’ ಎಂದು ರಾಯರು ಕಿಟಕಿಯ ಬಳಿ ಕೈ ಚಾಚಿದರು, ಕೀಲಿಗಾಗಿ. ನಾನು ಇಳಿದು ಕೀಲಿಯನ್ನು ಸೇಠರ ಕೈಗೆ ಕೊಟ್ಟೆ.

ಮೂರರ ರೈಲಿಗೆ ಶಹಾಬಾದಿನಿಂದ ವಾಡಿಗೆ ಬಂದು, ಅಲ್ಲಿ ಒಂದು ಗಂಟೆ ಕಾದು, ಸೇಡಂನ ಪ್ಯಾಸೆಂಜರ್ ಹಿಡಿದೆವು. ಸೇಡಂನಲ್ಲಿ ಇಳಿದಾಗ ಇನ್ನೂ ಬೆಳಕಿತ್ತು. ಅವರಿಗೆ ಚಹಾ ಕುಡಿಸಿ, ಚಿಂಚೋಳಿ ಬಸ್ಸಿನಲ್ಲಿ ಕಿಟಕಿಯ ಪಕ್ಕ ಕೂಡಿಸಿ, ಚಂದಾಪುರದಲ್ಲಿ ಕೈ ಹಿಡಿದು ಇಳಿಸಬೇಕೆಂದು ಕಂಡಕ್ಟರಿಗೆ ಹೇಳಿದೆ. ಮಂಡಿ ನೋವಿಗೆ ಅವರ ಮುಖ ಕಪ್ಪಾಗಿತ್ತು. ನನಗೆ ಕನಿಕರ ಬಂತು, ಸಿಟ್ಟು ಇಳಿಯಲಿಲ್ಲ.

ಬಸ್ಸು ಹೊರಡುವ ಮುಂಚೆ ಅವರು ಕಿಟಕಿಯ ಸರಳಿಗೆ ಮುಖ ತಂದು ಕೇಳಿದರು: ‘ಮುಂದಿನ ಐತವಾರ ಬರ್ತಿ ಏನು? ಕ್ಯಾಸೆಟ್ ಎಲ್ಲಾ ಹಂಗೇ ಅವ.’

‘ಬರಂಗಿಲ್ಲ ಕಾಕಾ,’ ಎಂದೆ.

ಅವರಿಗೆ ಇಲ್ಲ ಎಂದದ್ದು ಅದೇ ಮೊದಲು. ಹೇಳುವುದು ಅಷ್ಟೇನೂ ಕಷ್ಟವಾಗಲಿಲ್ಲ. ಅವರು ಮೆಲ್ಲಗೆ ತಲೆಯಾಡಿಸಿದರು. ಬಸ್ಸು ನಿಲ್ದಾಣ ದಾಟಿ ಚಿಂಚೋಳಿ ರಸ್ತೆಗೆ ತಿರುಗುವಾಗ ಕಿಟಕಿಯಿಂದ ಒಂದು ಕೈ ಹೊರಬಂದು ಅಲ್ಲಾಡಿತು. ನಾನು ಕೈ ಎತ್ತಲಿಲ್ಲ, ಆದರೆ ಬಸ್ಸು ಕಣ್ಮರೆಯಾಗುವವರೆಗೆ ಅಲ್ಲೇ ನಿಂತಿದ್ದೆ.