ಕಡಲ ತಳದ ಒಟ್ಲು

ಇದರಲ್ಲಿ ಕೆಲವು ವಿವರ ತಪ್ಪಿರಬಹುದು. ಅದು ಭಾನುವಾರವೋ ಎರಡನೇ ಶನಿವಾರವೋ ನನಗೆ ಖಚಿತವಿಲ್ಲ; ದಿನಚರಿಯಲ್ಲಿ ಎರಡು ದಿನಕ್ಕೂ ಸೇರಿಸಿ ಒಂದೇ ಪುಟ ಬರೆದಿದ್ದೇನೆ. ಚಿಕ್ಕವ್ವನ ಮಾತುಗಳನ್ನು ಮಾತ್ರ ಆಗಲೇ ಬರೆದುಕೊಂಡೆ.

ನಾನು ಮದ್ದೂರಿನ ಕಾಲೇಜೊಂದರಲ್ಲಿ ಪ್ರಾಣಿಶಾಸ್ತ್ರ ಕಲಿಸುತ್ತೇನೆ. ಗುತ್ತಲಿನ ನಮ್ಮ ಮನೆಯ ನಡುಮನೆಯಲ್ಲಿ ಕೂತು, ಸೋಮವಾರದ ಪಾಠಕ್ಕೆಂದು ಲ್ಯಾಪ್‌ಟಾಪಿನಲ್ಲಿ ಒಂದು ವಿಡಿಯೊ ನೋಡುತ್ತಿದ್ದೆ. ಗಾರ್ಡನ್ ಈಲ್ ಎಂಬ ಸಮುದ್ರದ ಮೀನು. ತರಗತಿಯಲ್ಲಿ ನಾನು ತೋಟದ ಹಾವುಮೀನು ಅನ್ನುತ್ತೇನೆ. ಬೆರಳಿನಷ್ಟು ದಪ್ಪ, ಸಾಮಾನ್ಯವಾಗಿ ಮೊಳದುದ್ದ. ಕಡಲ ತಳದ ಮರಳಿನಲ್ಲಿ ಬಿಲ ಕೊರೆದು, ಬಾಲವನ್ನು ಒಳಗೇ ಇಟ್ಟುಕೊಂಡು, ಉಳಿದ ಮೈಯನ್ನು ನೆಟ್ಟಗೆ ಮೇಲೆತ್ತಿ ನಿಲ್ಲುತ್ತವೆ. ನೂರಾರು ಒಂದೇ ಕಡೆ. ಎಲ್ಲವೂ ನೀರಿನ ಸೆಳೆತಕ್ಕೆ ಮುಖ ಕೊಟ್ಟು, ತೇಲಿ ಬರುವ ಸಣ್ಣ ಜೀವಿಗಳನ್ನು ತಿನ್ನುತ್ತ ತೂಗಾಡುತ್ತವೆ. ಮರಳು ಕುಸಿಯದಿರಲೆಂದು ಬಿಲದ ಗೋಡೆಗೆ ತಮ್ಮ ಮೈಯ ಲೋಳೆಯನ್ನೇ ಮೆತ್ತುತ್ತವೆ. ಬಿಲ ಬಿಟ್ಟು ಪೂರ್ತಿ ಹೊರಗೆ ಬರುವುದು ತೀರ ಅಪರೂಪ.

ಚಿಕ್ಕವ್ವ ಅವರೆಕಾಯಿಯ ಮೊರ ಹಿಡಿದು ಬಂದು ಪಕ್ಕದಲ್ಲಿ ಕೂತಳು. ಅವಳು ನನ್ನ ತಾಯಿಯ ತಂಗಿ. ತಾಯಿ ತೀರಿಕೊಂಡ ಮೇಲೆ ಅಪ್ಪ ಅವಳನ್ನೇ ಮದುವೆಯಾದರು. ನನ್ನನ್ನು ಸಾಕಿದ್ದು ಅವಳೇ.

"ಯಾರ್ದವ್ವ ಈ ಒಟ್ಲು?" ಅಂದಳು.

ಒಟ್ಲು ಅಂದರೆ ನಾಟಿಗೆ ಮುಂಚೆ ಭತ್ತದ ಪೈರು ಬೆಳೆಸುವ ಪಾತಿ.

"ಒಟ್ಲಲ್ಲ ಚಿಕ್ಕವ್ವ, ಮೀನು. ಸಮುದ್ರದ್ದು."

"ಓಗ್ ಲೇ, ಒಟ್ಲು ಕಂಡ್ರೆ ಗೊತ್ತಾಗಕಿಲ್ವಾ ನಂಗೆ? ನೀರು ಜಾಸ್ತಿ ಕಟ್ಟವ್ರೆ. ಬದ ಕಡ್ದು ನೀರು ಬುಡಿ ಅನ್ನು, ಪೈರು ಕೊಳ್ತೋಯ್ತದೆ."

"ಕಡಲಿಗೆ ಬದ ಎಲ್ಲಿಂದ ತರ್ಲಿ?"

"ಒಟ್ಲು ಗೊತ್ತಾಗ್ದೋಳ್ಗೆ ಯಾರವ್ವ ಪಾಠ ಏಳೋ ಕೆಲ್ಸ ಕೊಟ್ಟೋರು!"

ಇಬ್ಬರೂ ನಕ್ಕೆವು. ಅಷ್ಟರಲ್ಲಿ ಚಿತ್ರದಲ್ಲಿ ಮುಳುಗುಗಾರನ ನೆರಳು ಮರಳಿನ ಮೇಲೆ ಬಿತ್ತು. ಹತ್ತಿರದವು ಮೊದಲು, ಆಮೇಲೆ ದೂರದವು, ಸದ್ದಿಲ್ಲದೆ ಬಿಲಕ್ಕಿಳಿದವು. ಬರೀ ಮರಳು ಉಳಿಯಿತು.

ಚಿಕ್ಕವ್ವನ ಕೈ ಮೊರದಲ್ಲೇ ನಿಂತಿತು. "ಆ ವರ್ಸದ ಒಟ್ಲೂ ಇಂಗೇ ತೂಗ್ತಿತ್ತು ಕಣವ್ವ."

"ಯಾವ ವರ್ಷ?"

"ನಿಮ್ಮವ್ವ ಮಂಡ್ಯದ ಆಸ್ಪತ್ರೆ ಸೇರಿದ್ಲಲ್ಲ, ಆ ವರ್ಸ. ನಮ್ಮ ಆತಗೂರು ಗದ್ದೇಲಿ ಪೈರು ಕೀಳಕೆ ನಾನೇ ಇಳ್ದಿದ್ದೆ. ಅವಳ ಅಸುರು ಸೀರೆ ಉಟ್ಕಂಡು."

ಹೇಳಿ, ಮತ್ತೆ ಕಾಯಿ ಸುಲಿಯತೊಡಗಿದಳು.

ತಾಯಿಯ ನೆನಪು ಅಂತ ನನಗಿರುವುದು ಒಂದೇ. ಬದುವಿನ ಮೇಲೆ ಕೂತಿದ್ದೇನೆ. ಒಟ್ಲಿನ ನಡುವೆ ಹಸಿರು ಸೀರೆಯವಳು ಬೆನ್ನು ಹಾಕಿ ನಿಂತಿದ್ದಾಳೆ. ಗಾಳಿಗೆ ಪೈರೆಲ್ಲ ಒಂದೇ ಕಡೆ ವಾಲುತ್ತಿದೆ. "ಅವ್ವಾ" ಎಂದು ಕೂಗುತ್ತೇನೆ. ಅವಳು ಅರ್ಧ ತಿರುಗಿದವಳು ತಟ್ಟನೆ ಬಗ್ಗುತ್ತಾಳೆ. ಎಷ್ಟು ಕೂಗಿದರೂ ಮೇಲೇಳುವುದಿಲ್ಲ. ಅಷ್ಟೇ. ಮುಖವಿಲ್ಲ. ಕೆಲಸದ ಅವಸರವಿದ್ದಿರಬೇಕು ಅಂದುಕೊಂಡು ಎಷ್ಟೋ ವರ್ಷದ ಹಿಂದೆಯೇ ಅವಳನ್ನು ಕ್ಷಮಿಸಿದ್ದೆ.

ತಾಯಿ ಆಸ್ಪತ್ರೆಗೆ ಹೋದಾಗ ನನಗೆ ಮೂರು ವರ್ಷ. ಅಲ್ಲಿಂದ ಅವಳು ಮನೆಗೆ ಬರಲಿಲ್ಲ. ನನ್ನ ನೆನಪು ಅದರ ಹಿಂದಿನ ವರ್ಷದ್ದು ಅನ್ನೋಣವೆಂದರೆ, ಎರಡು ವರ್ಷದ ಮಗುವಿನ ಸಾಕ್ಷಿಯನ್ನು ನಾನೇ ನಂಬುವವಳಲ್ಲ. ಹಾಗಾದರೆ ಇಷ್ಟು ಕಾಲ ನಾನು ತಾಯಿ ಎಂದು ಇಟ್ಟುಕೊಂಡಿದ್ದು ಒಂದು ಸೀರೆಯನ್ನೇ?

ಎಲ್ಲೋ ಓದಿದ್ದೆ. ಕೊರೊನಾ ಕಾಲದಲ್ಲಿ ಬಾಗಿಲು ಮುಚ್ಚಿದ್ದ ಅಕ್ವೇರಿಯಂ ಒಂದರಲ್ಲಿ ಈ ಮೀನುಗಳಿಗೆ ಮನುಷ್ಯರ ರೂಢಿ ತಪ್ಪಿ, ನೋಡಿಕೊಳ್ಳುವವರು ಬಂದರೂ ಬಿಲ ಸೇರುತ್ತಿದ್ದವಂತೆ. ಗಾಜಿನೆದುರು ವಿಡಿಯೊ ಕರೆಯ ಪರದೆಗಳನ್ನಿಟ್ಟು, ದೂರದೂರಿನವರ ಮುಖ ತೋರಿಸಿ ಮತ್ತೆ ರೂಢಿ ಮಾಡಿಸಿದರಂತೆ. ನಮ್ಮ ಮನೆಯಲ್ಲಿ ತಾಯಿಯ ಫೋಟೊ ಒಂದೂ ಇಲ್ಲ.

ಸೋಮವಾರ ತರಗತಿಯಲ್ಲಿ, ನೆರಳು ಬೀಳುವ ಮೊದಲೇ ವಿಡಿಯೊ ನಿಲ್ಲಿಸಿಬಿಟ್ಟೆ.

"ಆಮೇಲೆ ಏನಾಯ್ತದೆ ಮೇಡಂ?" ಅಂದಳು ಮುಂದಿನ ಬೆಂಚಿನ ಹುಡುಗಿ.

"ಒಳಗೆ ಹೋಗ್ತವೆ."

"ಮತ್ತೆ ಬತ್ತವಾ?"

"ಅಲುಗಾಡದೆ ಕಾದ್ರೆ ಬರ್ತವೆ" ಅಂದೆ. ಪಾಠದ ಪ್ರಕಾರ ಅದು ಸರಿಯಾದ ಉತ್ತರ.

ಸಂಜೆ ಮನೆಗೆ ಬಂದಾಗ ಚಿಕ್ಕವ್ವ ಹಿತ್ತಿಲಿನ ಒಗೆಯುವ ಕಲ್ಲಿನ ಮೇಲೆ ಕೂತಿದ್ದಳು. ಪಕ್ಕದಲ್ಲಿ ಕೂತೆ. ಕತ್ತಲಾಗುವ ಹೊತ್ತಿಗೆ ಕೇಳಿದೆ. ಅವಳು ಸೆರಗಿನಿಂದ ಕೈ ಒರೆಸಿಕೊಂಡಳು, ಕೈ ಒದ್ದೆಯಾಗಿರಲಿಲ್ಲ. ಎದ್ದು ಒಳಗೆ ಹೋದಳು. ಹನ್ನೊಂದು ದಿನವಾಯಿತು, ಊಟಕ್ಕೆ ಕರೆಯುತ್ತಾಳೆ, ಬಸ್ಸಿಗೆ ಹೊತ್ತಾಯಿತೆಂದು ಬೈಯುತ್ತಾಳೆ, ಆ ಮಾತು ಮಾತ್ರ ಎತ್ತುವುದಿಲ್ಲ. ನಾನು ಕೇಳಿದ್ದು ಇಷ್ಟೇ:

"ಚಿಕ್ಕವ್ವ, ಅವತ್ತು ನಾನು ಅವ್ವಾ ಅಂತ ಕೂಗ್ದಾಗ ನೀನ್ಯಾಕೆ ಬಗ್ಗಿಬುಟ್ಟೆ?"