ಮನೋರಂಜಿನಿ ಬಳ್ಳಿ ಮತ್ತು ದೊಡ್ಡವ್ವನ ಮೂಗು

ಹೋದ ವಾರ ಸಹೋದ್ಯೋಗಿಯೊಬ್ಬಳು ಕರವಸ್ತ್ರದಲ್ಲಿ ಸುತ್ತಿ ತಂದ ಹಳದಿ ಹೂವೊಂದನ್ನು ನನ್ನ ಮೇಜಿನ ಮೇಲೆ ಬಿಚ್ಚಿಟ್ಟಳು. ಕಳಿತ ಬಾಳೆಹಣ್ಣು, ಹಲಸು, ಅನಾನಸು ಎಲ್ಲ ಒಂದೇ ತಟ್ಟೆಯಲ್ಲಿ ಹೆಚ್ಚಿಟ್ಟಂಥ ಪರಿಮಳ. ಮನೋರಂಜಿನಿ! ಓದುತ್ತಿದ್ದ ಕಾಗದವನ್ನು ಅಲ್ಲೇ ಬಿಟ್ಟು ಕೂತುಬಿಟ್ಟೆ. ಇಲ್ಲದ ಮನೆಯೊಂದು ಮೂಗಿನ ತುದಿಗೆ ಬಂದು ನಿಂತಾಗ ಹೇಗಾಗುತ್ತದೆಂದು ನಿಮಗೂ ಗೊತ್ತಿದ್ದೀತು.

ಧಾರವಾಡದ ಸಪ್ತಾಪುರದಲ್ಲಿ ನಮ್ಮ ದೊಡ್ಡಪ್ಪನ ಮನೆ. ಅಪ್ಪ-ಅವ್ವನಿಗೆ ಊರೂರು ವರ್ಗವಾಗುತ್ತಿದ್ದುದರಿಂದ ನಾನು ಸಾಲಿ ಕಲಿಯಲು ಅಲ್ಲೇ ಬೆಳೆದೆ. ದೊಡ್ಡಪ್ಪ ಕಾಲೇಜಿನಲ್ಲಿ ರಸಾಯನಶಾಸ್ತ್ರ ಕಲಿಸುತ್ತಿದ್ದರು, ದೊಡ್ಡವ್ವ ಸಸ್ಯಶಾಸ್ತ್ರ. ಆ ಮನೆಯಲ್ಲಿ ಜಗಳ ಅಂತ ಆದರೆ ಅದು ಗೇಟಿನ ಮೇಲೆ ಹಬ್ಬಿದ್ದ ಮನೋರಂಜಿನಿಯ ಸಲುವಾಗಿಯೇ. "ಇದು ಸೀತಾಫಲದ ತಂಗಿ," ಎಂದು ದೊಡ್ಡವ್ವ ನನ್ನ ಅಂಗೈಯಲ್ಲಿ ಹೂವಿಟ್ಟು, ಒಳಗೆ ಮೂರು, ಹೊರಗೆ ಮೂರು ಎಸಳು ಎಣಿಸಲು ಹಚ್ಚುತ್ತಿದ್ದಳು. "ಹಣ್ಣಿನ ವೇಷಾ ಹಾಕಿ ಜೀರುಂಡಿ ಕರೀತೈತಿ, ಕಳ್ಳಿ!" ದೊಡ್ಡಪ್ಪ ಬಿಡುತ್ತಿರಲಿಲ್ಲ: "ವೇಷಾ ಏನಿಲ್ಲ, ಬರೇ ಎಸ್ಟರು. ಒಂದು ಆಮ್ಲ, ಒಂದು ಆಲ್ಕೋಹಾಲು, ಎರಡೂ ಕೂಡಿದ್ರ ಘಮ."

ನಾನು ಐದನೆಯ ಇಯತ್ತೆಯಲ್ಲಿದ್ದಾಗ ದೊಡ್ಡವ್ವನಿಗೆ ಕೆಟ್ಟ ಜ್ವರ ಬಂತು. ಜ್ವರ ಇಳಿಯಿತು, ಆದರೆ ಹೋಗುವಾಗ ಅವಳ ಮೂಗಿನ ಶಕ್ತಿಯನ್ನೂ ಒಯ್ದಿತು. ಕಣ್ಣು ಮುಚ್ಚಿ ಎಲೆ ಹಿಸುಕಿ ಗಿಡದ ಹೆಸರು ಹೇಳುತ್ತಿದ್ದವಳಿಗೆ ಹಾಲು ಸೀದದ್ದೂ ತಿಳಿಯದಾಯಿತು. ಒಂದು ದಿನ ಅವಳು ಗೇಟಿನ ಬಳಿ ಹೂವನ್ನು ಮೂಗಿಗೊತ್ತಿಕೊಂಡು ಸದ್ದಿಲ್ಲದೆ ಅಳುತ್ತಿದ್ದಳು. ನಾನು ಓಡಿಹೋಗಿ ದೊಡ್ಡಪ್ಪನಿಗೆ ಹೇಳಿದೆ. ಮುಂದಿನ ರವಿವಾರ ಚರ್ಚಿನಿಂದ ಬಂದವರೇ ಅವರು ತೋಳೇರಿಸಿದರು. "ಗಟ್ಟಿ ಅತ್ತರ ತಗದು ಕೊಡೋಣು. ಆಗರೆ ವಾಸನಿ ಬರತೈತೇನೋ." ನಾನು ಮುಳ್ಳಿನಿಂದ ಕೈ ಗೀಚಿಸಿಕೊಂಡು ಬುಟ್ಟಿ ತುಂಬ ಹೂ ತಂದೆ. ಕುಕ್ಕರಿಗೆ ರಬ್ಬರ್ ನಳಿಕೆ ಸಿಕ್ಕಿಸಿ, ತಣ್ಣೀರಿನ ಬಕೆಟ್ಟಿನಲ್ಲಿ ಹಾಯಿಸಿ, ಮಧ್ಯಾಹ್ನವಿಡೀ ಕುದಿಸಿದೆವು. ಕೊನೆಗೆ ಹನಿಹನಿಯಾಗಿ ಇಳಿದದ್ದು ಬೇಯಿಸಿದ ಪಲ್ಯದ ವಾಸನೆಯ ನೀರು! "ಶಾಖಕ್ಕ ಎಸ್ಟರೆಲ್ಲ ಒಡದ್ವು," ಎಂದು ದೊಡ್ಡಪ್ಪ ತಲೆ ತಗ್ಗಿಸಿದರು. ದೊಡ್ಡವ್ವ ಬಾಟಲಿಯನ್ನು ಗಂಭೀರವಾಗಿ ಮೂಸಿ, "ಭಾಳ ಛಲೋ ಬಂದೈತ್ರಿ," ಅಂದಳು. ಮೂಗಿಲ್ಲದವಳ ಪ್ರಮಾಣಪತ್ರ! ಮೂವರೂ ಅಡುಗೆಮನೆಯ ನೆಲದ ಮೇಲೆ ಕೂತು, ಹೊಟ್ಟೆ ಹಿಡಿದುಕೊಂಡು ನಕ್ಕೆವು.

ಮಳೆಗಾಲ ಕಳೆದ ಮೇಲೆ ಒಂದು ಸಂಜೆ ದೊಡ್ಡಪ್ಪ ಪ್ರಯೋಗಶಾಲೆಯಿಂದ ಬಂದು ಬಿಳಿ ಕೋಟನ್ನು ಕುರ್ಚಿಗೆ ಹಾಕಿದರು. ಚಹಾ ತರುತ್ತಿದ್ದ ದೊಡ್ಡವ್ವ ನಡುವೆಯೇ ನಿಂತಳು. "ಕೊಳತ ತತ್ತಿ ಯಾರ ತಂದಾರ ಮನ್ಯಾಗ?"

ಅದು ಆ ದಿನದ ಪ್ರಯೋಗದಲ್ಲಿ ಕೋಟಿಗೆ ಹತ್ತಿದ್ದ ಗಂಧಕದ ಅನಿಲದ ವಾಸನೆ. ದೊಡ್ಡಪ್ಪ ಕೋಟೆತ್ತಿ ಅವಳ ಮುಖಕ್ಕೆ ಹಿಡಿದರು. "ಬರಾಕತ್ತೈತಿ? ಖರೇನ?" ದೊಡ್ಡವ್ವ ಆ ಹೊಲಸು ಕೋಟಿನಲ್ಲಿ ಮುಖ ಹುದುಗಿಸಿ, ಅಳುತ್ತ ನಗುತ್ತ ತಲೆ ಆಡಿಸಿದಳು.

ಚಹಾ ಆರಿಹೋಯಿತು. ಅವಳು ಚಪ್ಪಲಿ ಮೆಟ್ಟಿ ರಸ್ತೆಗಿಳಿದೇಬಿಟ್ಟಳು. ಒಂದೊಂದು ಕಿಟಕಿಯ ಮುಂದೂ ನಿಂತು ಜೋರಾಗಿ ಸಾರುತ್ತ ಹೋದಳು: "ಇಲ್ಲಿ ಮೆಂತೇದ ಒಗ್ಗರಣಿ! ಇಲ್ಲಿ ರೊಟ್ಟಿ ಹೊತ್ತೈತಿ!" ಒಳಗಿನಿಂದ ಯಾರೋ, "ಹಂಗಾರ ನೀವ ಬಂದು ರೊಟ್ಟಿ ಬಡೀರಿ, ಬಾಯಾರ!" ಎಂದು ಕೂಗಿದರು. ದಪ್ಪ ಮೈಯ ದೊಡ್ಡಪ್ಪ ಏದುಸಿರು ಬಿಡುತ್ತ, "ಸಾವಕಾಶ ನಡಿ," ಎನ್ನುತ್ತ ತಿರುವಿನ ಹತ್ತಿರ ಹಿಂದೆ ಉಳಿದರು. ನಾನು ಇಬ್ಬರ ನಡುವೆ ಆಚೀಚೆ ಓಡಾಡಿದೆ.

ಇಬ್ಬರೂ ಹೋಗಿ ವರ್ಷಗಳಾದವು. ಮನೆ ಇದ್ದಲ್ಲಿ ಈಗ ವಿದ್ಯಾರ್ಥಿನಿಯರ ವಸತಿಗೃಹ, ಸಾಲಾಗಿ ಸ್ಕೂಟರುಗಳು. ಮೊನ್ನೆ ಆ ರಸ್ತೆಯಲ್ಲಿ ಒಬ್ಬಳೇ ನಡೆದೆ. ಅವಸರವಿತ್ತು, ಆದರೂ ತಿರುವಿನ ಹತ್ತಿರ ಹೆಜ್ಜೆ ತಾನಾಗಿ ಸಣ್ಣದಾಯಿತು, ಹಿಂದೆ ಬರುವವರು ಬರಲಿ ಎಂಬಂತೆ.