ವೈರಸ್ಸಿನ ಪಲ್ಲವಿ

ಮೊದಲೇ ಒಪ್ಪಿಕೊಂಡುಬಿಡುತ್ತೇನೆ: ಔರಾದಿನ ಒಬ್ಬ ನಿವೃತ್ತ ಟೀಚರ ತಾಯಿ ಜೀವಮಾನವಿಡೀ ಹಾಡಿದ ಹಾಡುಗಳನ್ನು ನಾನು ಒಂದೇ ಗುಂಡಿ ಒತ್ತಿ ಅಳಿಸಿಹಾಕುವವನಿದ್ದೆ. ದ್ವೇಷದಿಂದಲ್ಲ, ಉಪಕಾರದ ಉತ್ಸಾಹದಿಂದ. ನನ್ನ ಬಹುಪಾಲು ಅನಾಹುತಗಳು ಉಪಕಾರ ಮಾಡಲು ಹೋದಾಗಲೇ ಆದಂಥವು.

ಇದು ನೆನಪಾದದ್ದು ಮೊನ್ನೆ, ನೌಬಾದಿನ ಗೆಳೆಯನ ಮನೆಯಲ್ಲಿ ಸಿನಿಮಾ ನೋಡುವಾಗ. ಪರದೆಯ ಮೇಲೆ ಹಸಿರು ಅಕ್ಷರಗಳು ಸೋರುತ್ತಿದ್ದವು. ಹೀರೋನ ಗೆಳೆಯನೊಬ್ಬ ಕೀಬೋರ್ಡಿನ ಮೇಲೆ ಅವಲಕ್ಕಿ ಕುಟ್ಟಿದಂತೆ ಕುಟ್ಟಿ, ‘ನಾನು ಒಳಗೆ ಹೋದೆ’ ಎಂದ. ನೀವೂ ಗಮನಿಸಿರಬೇಕು, ಸಿನಿಮಾದವರು ಮೌಸ್ ಮುಟ್ಟುವುದೇ ಇಲ್ಲ. ಪಾಸ್‌ವರ್ಡ್ ಮೂರನೇ ಸಲಕ್ಕೆ ಹೊಂದಿಬಿಡುತ್ತದೆ. ಕರೆಂಟ್ ಹೋಗುವುದಿಲ್ಲ. ದೇಶದ ಗುಟ್ಟು ಕದಿಯುವವನಿಗೆ ಯಾರೂ ಒಟಿಪಿ ಕೇಳುವುದಿಲ್ಲ. ನಮ್ಮ ಕಮಠಾಣದ ರೈತನಿಗೆ ತನ್ನದೇ ಹೊಲದ ಪಹಣಿ ಬೇಕೆಂದರೂ ಒಟಿಪಿ ಬೇಕು. ಅದು ಬರುವ ಮೊಬೈಲು ಮಗನ ಹತ್ತಿರ, ಮಗ ಎಮ್ಮೆಯ ಹತ್ತಿರ, ಎಮ್ಮೆ ಎಲ್ಲಿದೆಯೋ ಬಲ್ಲವರಿಲ್ಲ.

ಆ ಹಾಡುಗಳ ಪ್ರಸಂಗ ನಡೆದಾಗ ನಾನು ಚಿದ್ರಿಯಲ್ಲಿ ಮಾಮಾನ ಝೆರಾಕ್ಸ್ ಅಂಗಡಿಯಲ್ಲಿ ಕೂರುತ್ತಿದ್ದೆ. ಕೆಲಸ ಟೈಪಿಂಗು, ಕಸುಬು ನಕಲು. ಝೆರಾಕ್ಸ್ ಯಂತ್ರ ಮಾಡುವುದು ಕಾಗದದ ನಕಲು. ನಾನು ಮಾಡುವುದು ಕೇಳಿದ ದನಿಗಳ ನಕಲು. ಕಾಗದ ಸಿಕ್ಕಿಕೊಂಡ ಪ್ರಿಂಟರು, ‘ದಯವಿಟ್ಟು ಕಾಯಿರಿ’ ಎನ್ನುವ ಫೋನಿನ ಹೆಂಗಸು, ಮೂಗಿನಲ್ಲೇ ಮಾತಾಡುವ ಮಾಮಾ, ಎಲ್ಲರೂ ನನ್ನ ಗಂಟಲಲ್ಲಿ ವಾಸವಾಗಿದ್ದರು. ಮಾಮಾ ಒಮ್ಮೆ, ‘ಎಲ್ಲಾರ ದನೀ ತೆಗೀತಿ, ಕೆಲಸಾ ಮಾಡೋ ಮನಷ್ಯಾನ ನಕಲೊಂದು ಮಾಡಿ ತೋರ್ಸು’ ಎಂದಿದ್ದ. ಅದೊಂದು ನನಗೆ ಒಗ್ಗಲಿಲ್ಲ.

ಒಂದು ಮಧ್ಯಾಹ್ನ ಶಾಂತಾಬಾಯಿ ಮೇಡಂ ಬಂದರು. ಔರಾದಿನಿಂದ ಬಸ್ಸಿನಲ್ಲಿ ನಿಂತೇ ಬಂದಿದ್ದರು. ಕರ್ಚೀಫಿನ ಗಂಟು ಬಿಚ್ಚಿ, ಪ್ರಸಾದ ಕೊಡುವಂತೆ ಒಂದು ಪೆನ್‌ಡ್ರೈವ್ ಕೈಗಿತ್ತರು.

‘ನಮ್ಮವ್ವನ ಬೀಸೋ ಪದಾ ಅವ ತಮ್ಮಾ ಇದ್ರಾಗ. ದಪ್ಪ ಅಕ್ಷರದಾಗ ತೆಗದು ಕೊಡು. ಅವ್ವ ಭಾಲ್ಕಿದಾಗ ತಂಗಿ ಮನ್ಯಾಗ ಇರ್ತಾಳ. ಈಗ ಆಕಿಗಿ ನಮ್ಮ ಹೆಸರೂ ನೆನಪಿಲ್ಲ. ಆದ್ರ ಪದದ ಮೊದಲಿನ ಸಾಲು ಹೇಳಿದ್ರ ಮುಂದಿಂದು ತಾನೇ ಹಾಡ್ತಾಳ. ಸಂಜಿ ಬಸ್ಸಿಗಿ ಒಯ್ತೇನಿ.’

ಪದ ಬರೆದಿಟ್ಟ ನೋಟ್‌ಬುಕ್ಕು ಗೆದ್ದಲ ಪಾಲಾಗಿತ್ತು. ಟೈಪು ಮಾಡಿಕೊಟ್ಟಿದ್ದ ಔರಾದಿನ ಅಂಗಡಿ ಬಾಗಿಲು ಮುಚ್ಚಿತ್ತು. ಮೇಡಮ್ಮಿಗೆ ಪಲ್ಲವಿಗಳಷ್ಟೇ ಬಾಯಿಗೆ ಬರುತ್ತಿದ್ದವು. ಉಳಿದದ್ದೆಲ್ಲ ಆ ಹೆಬ್ಬೆರಳಿನಷ್ಟು ಪ್ಲಾಸ್ಟಿಕ್ಕಿನೊಳಗೆ.

ಮಾಮಾ ತಂದಿದ್ದ ಹೊಸ ಕಂಪ್ಯೂಟರಿಗೆ ಚುಚ್ಚಿ ತೆರೆದೆ. ಪರದೆಯ ತುಂಬ ತಲೆಯ ಮೇಲೆ ಟೋಪಿ ಹಾಕಿದ, ಮುಳ್ಳು ಎದ್ದ ಇಂಗ್ಲಿಷ್ ಅಕ್ಷರಗಳು. ನಡುನಡುವೆ ಪೌಂಡಿನ ಗುರುತು. ಓದುಗರೇ, ಅದು ಬಣ್ಣವೊಂದು ಬಿಟ್ಟರೆ ಥೇಟ್ ಸಿನಿಮಾ! ನನ್ನ ಜನ್ಮ ಸಾರ್ಥಕವಾಯಿತು. ಬೆರಳಿನ ಲಟಿಕೆ ಮುರಿದು, ಸಿನಿಮಾಗಳಲ್ಲಿ ಅಪ್ಪಣೆ ಕೊಡುವ ಕಮಾಂಡರನ ದನಿ ತೆಗೆದೆ.

‘ಹ್ಯಾಕ್ ಆಗ್ಯಾದ್ರಿ ಮೇಡಂ! ಭಾರಿ ವೈರಸ್ಸು. ನಮ್ಮ ಬಲ್ಲಿ ಮೂರೇ ನಿಮಿಷ ಟೈಮ್ ಅದ!’

‘ಅಯ್ಯ, ಮುಂದ ಹ್ಯಾಂಗ?’

‘ಫಾರ್ಮ್ಯಾಟ್ ಹೊಡೀತೇನ್ರಿ. ಎಲ್ಲಾ ಸ್ವಚ್ಛ ಆಗ್ತದ.’

‘ಸ್ವಚ್ಛ ಅಂದ್ರ? ಪದಾ ಉಳೀತಾವ?’

ನಾನು ಸ್ವಲ್ಪ ಯೋಚಿಸಿದೆ. ‘ಪದಾ ಉಳಿಯಂಗಿಲ್ರಿ. ಆದ್ರ ವೈರಸ್ಸೂ ಉಳಿಯಂಗಿಲ್ಲ.’

ಬೆರಳು ಗುಂಡಿಯ ಮೇಲಿತ್ತು. ಮೇಡಂ ಅದರ ಮೇಲೆ ಪಟ್ಟನೆ ಹೊಡೆದರು. ಮೂವತ್ತು ವರ್ಷ ಶಾಲೆಯಲ್ಲಿ ಪಳಗಿದ ಕೈ.

‘ಕೈ ತೆಗಿ.’

ಕನ್ನಡಕ ಏರಿಸಿ ಪರದೆಗೆ ಮೂಗು ತಾಗುವಷ್ಟು ಬಾಗಿದರು. ಬೆರಳಿನಿಂದ ಸಾಲು ಎಣಿಸಿದರು. ಒಂದು, ಎರಡು, ಮೂರು, ನಾಲ್ಕು. ಮತ್ತೆ ಒಂದು, ಎರಡು. ಆಮೇಲೆ ಮೆಲ್ಲಗೆ ಗುನುಗಿದರು: ‘ತಿರಗ ನನ ಕಲ್ಲ, ಮೆಲ್ಲಕ ತಿರಗ...’

‘ಇಲ್ಲಿ ನೋಡು. ನಾಕನೇ ಸಾಲು. ಎಂಟನೇ ಸಾಲು. ಹನ್ನೆರಡನೇದು. ಒಂದೇ ನಮೂನಿ ಅವ ಇಲ್ಲೋ?’

ನೋಡಿದೆ. ಅದೇ ಟೋಪಿ, ಅದೇ ಮುಳ್ಳು, ಅದೇ ಪೌಂಡು. ಒಂದು ಚುಕ್ಕೆಯೂ ಆಚೀಚೆಯಿಲ್ಲ.

‘ವೈರಸ್ಸಿಗಿ ಪಲ್ಲವಿ ಹಾಡ್ಲಾಕ ಬರ್ತದೇನೋ ಹುಚ್ಚಪ್ಪ? ಪದಾ ಇಲ್ಲೇ ಅವ. ನಿನ್ನ ಡಬ್ಬಿಗೇ ಕನ್ನಡ ಓದ್ಲಾಕ ಬರಂಗಿಲ್ಲ.’

ಕಂಪ್ಯೂಟರ್ ಕೋರ್ಸಿನ ಸರ್ಟಿಫಿಕೇಟು ನನ್ನ ಬೆನ್ನ ಹಿಂದಿನ ಗೋಡೆಯ ಮೇಲೆ ತೂಗುತ್ತಿತ್ತು. ತಿರುಗಿ ನೋಡುವ ಧೈರ್ಯವಾಗಲಿಲ್ಲ. ಹೊಸ ಯಂತ್ರಕ್ಕೆ ಹಳೆಯ ಕನ್ನಡ ಫಾಂಟು ಹಾಕಿಯೇ ಇರಲಿಲ್ಲ, ಹಾಕಬೇಕಾದವನು ನಾನೇ. ಅದಿಲ್ಲದೆ ಕನ್ನಡ ಹೀಗೆ ಟೋಪಿ, ಮುಳ್ಳುಗಳಾಗಿಯೇ ಕಾಣುತ್ತದೆ. ಮೂಲೆಯಲ್ಲಿ ಧೂಳು ಹೊದ್ದು ಮಲಗಿದ್ದ, ಆ ಫಾಂಟಿದ್ದ ಹಳೆಯ ಕಂಪ್ಯೂಟರನ್ನು ಎಬ್ಬಿಸಿದೆವು. ಅದು ಏದುಸಿರು ಬಿಡುತ್ತ ಎದ್ದು, ಫೈಲು ತೆರೆದು, ಪದಗಳನ್ನೆಲ್ಲ ಅಚ್ಚ ಕನ್ನಡದಲ್ಲಿ ಸಾಲಾಗಿ ನಿಲ್ಲಿಸಿತು.

ಮೇಡಂ ಅಲ್ಲೇ ತಂಗಿಗೆ ಫೋನು ಹಚ್ಚಿ, ‘ಅವ್ವನ ಕಿವಿಗಿ ಹಿಡಿ’ ಎಂದರು. ಪರದೆ ನೋಡಿ ಮೊದಲ ಸಾಲು ಓದಿದರು: ‘ಹೊತ್ತು ಮೂಡೂದ್ರಾಗ ಹಿಟ್ಟ ಆಗಬೇಕ...’ ಆಮೇಲೆ ಸ್ಪೀಕರಿನಿಂದ ಒಂದು ಹಳೆಯ ದನಿ, ಒಣಗಿದ್ದರೂ ಲಯ ತಪ್ಪದ ದನಿ, ಎರಡನೇ ಸಾಲನ್ನು ಎತ್ತಿಕೊಂಡಿತು. ಮೂರನೆಯದನ್ನೂ. ಮೇಡಂ ಬೆರಳಿನಿಂದ ಪರದೆಯ ಮೇಲೆ ಸಾಲು ಸರಿಸುತ್ತ ಹೋದರು. ನಾಲ್ಕನೆಯದಕ್ಕೆ ತಾಯಿ ಮಗಳು ಕೂಡಿ ಹಾಡಿದರು. ಆ ದನಿಯನ್ನು ಆಮೇಲೆ ಒಮ್ಮೆ ಬಚ್ಚಲಿನಲ್ಲಿ ತೆಗೆಯಲು ನೋಡಿದೆ. ಬರಲಿಲ್ಲ.

ಈಗಲೂ ಅದೇ ಅಂಗಡಿಯಲ್ಲಿದ್ದೇನೆ. ವಾರಕ್ಕೊಬ್ಬರಾದರೂ ಇಂಥ ಫೈಲು ತಂದು ‘ಹ್ಯಾಕ್ ಆಗ್ಯಾದೇನ್ರಿ?’ ಎಂದು ಗಾಬರಿಯಾಗುತ್ತಾರೆ. ಕಮಾಂಡರ್ ಗಂಟಲವರೆಗೆ ಬಂದು ನಿಲ್ಲುತ್ತಾನೆ. ನಾನು ಅವನನ್ನು ನುಂಗಿ, ‘ಒಳಗ ಏನ್ ಬರದೀರಿ, ಮೊದಲು ಹೇಳ್ರಿ’ ಎಂದು ಕುರ್ಚಿ ಎಳೆಯುತ್ತೇನೆ. ಮೊನ್ನೆಯ ಸಿನಿಮಾದಲ್ಲೂ ಹಸಿರು ಅಕ್ಷರಗಳ ನಡುವೆ ಯಾವ ಸಾಲು ಮರಳಿ ಬರುತ್ತದೆಂದು ಹುಡುಕುತ್ತ ಕೂತೆ, ಕಥೆ ಎಲ್ಲಿಗೋ ಹೋಗಿತ್ತು.

ಮೇಡಂ ಬಂದ ಆ ದಿನ ಮಾತ್ರ ಸುಮ್ಮನಿರಲಾಗದೆ, ದಪ್ಪ ಅಕ್ಷರದಲ್ಲಿ ಪದ ಅಚ್ಚಾದ ಕಾಗದಗಳನ್ನು ಅವರ ಕೈಗಿಡುತ್ತ ಹಲ್ಲು ಕಿರಿದಿದ್ದೆ: ‘ತಪ್ಪಾತ್ರಿ ಮೇಡಂ. ಸಿನಿಮಾದಾಗ ಹಿಂಗೇ ತೋರಸ್ತಾರ್ರಿ, ಅದಕ್ಕ ನಾನೂ...’

ಮೇಡಂ ಕಾಗದ ಜೋಡಿಸಿಕೊಂಡು, ಚಪ್ಪಲಿ ಮೆಟ್ಟುತ್ತ ಹೇಳಿದರು:

‘ಸುಳ್ಳ ಹೇಳ್ಲಾಕ ಅವರಿಗಿ ಪಗಾರ ಕೊಡ್ತಾರ ತಮ್ಮಾ. ನೀ ಯಾಕ ಫುಕಟ್ ಹೇಳ್ತಿ?’